ಟ್ರ್ಯಾಕ್‌ಗೆ ಇಳಿಸುವ ಕಾರಿಗೆ ತೂತಿನ ಬ್ರೇಕ್ ಡಿಸ್ಕ್ ಬೇಡ

ಮೈತುಂಬ ತೂತು ಕೊರೆದಿರುವ ಬ್ರೇಕ್ ಡಿಸ್ಕನ್ನು ‘ಟ್ರ್ಯಾಕ್ ಡಿಸ್ಕ್’ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ತಗೋಬೇಡಿ. ನನಗೆ ಹಾಗೇ ಹೇಳಿ ಮಾರಿದರು. ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುತ್ತೇನೆ ಅಂತ ಮೊದಲೇ ಹೇಳಿದ್ದೆ. “ತೂತಿದ್ರೆ ಬೇಗ ತಣ್ಣಗಾಗುತ್ತೆ ಸಾರ್, ಇದು ಅದಕ್ಕೇ ಮಾಡಿರೋದು” ಅಂದರು.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಆಮೇಲೊಂದು ದಿನ ಉದ್ದನೆಯ ಸ್ಟ್ರೇಟ್ ಮುಗಿಯುವಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಅದುರಿತು, ಸ್ಟೀರಿಂಗ್ ಕೂಡ. ಜೊತೆಗೆ ಗರಗರ ಸದ್ದು. ಮೆಲ್ಲಗೆ ಪಿಟ್‌ಗೆ ತಂದು, ಆರಿದ ಮೇಲೆ ಚಕ್ರ ಬಿಚ್ಚಿದೆವು. ಮುಂದಿನ ಎರಡೂ ಡಿಸ್ಕ್‌ಗಳಲ್ಲಿ ತೂತಿನಿಂದ ತೂತಿಗೆ ಬಿರುಕು. ಎಡಗಡೆಯದರಲ್ಲಿ ಒಂದು ಬಿರುಕು ಹೊರ ಅಂಚನ್ನೇ ಮುಟ್ಟಿತ್ತು. ಮಾರಿದವರನ್ನು ಕೇಳಿದರೆ ವಾರಂಟಿ ಚೀಟಿಯ ಹಿಂಬದಿ ತೋರಿಸಿದರು. ಟ್ರ್ಯಾಕ್‌ನಲ್ಲಿ ಓಡಿಸಿದರೆ ವಾರಂಟಿ ಇಲ್ಲವಂತೆ! ಡಬ್ಬದ ಮೇಲೆ ಮಾತ್ರ ರೇಸ್ ಬಾವುಟದ ಚಿತ್ರ.

ಬ್ರೇಕ್ ಮಾಡುವ ಕೆಲಸ ಏನು ಅಂತ ಸ್ವಲ್ಪ ಲೆಕ್ಕ ಹಾಕಿದರೆ ಈ ತೂತುಗಳ ಬಂಡವಾಳ ಗೊತ್ತಾಗುತ್ತದೆ. 1400 ಕೆಜಿ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಬೇಕಾದರೆ ಸುಮಾರು 10 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಹೋಗಬೇಕು. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್‌ಗಳಿಗೆ. ಒಂದೊಂದು ಡಿಸ್ಕ್ 8 ಕೆಜಿ ಇದ್ದರೆ, ಒಂದೇ ಸಲದ ಬ್ರೇಕಿಗೆ 90 ಡಿಗ್ರಿ ಆಸುಪಾಸು ಏರುತ್ತದೆ. ಮುಂದಿನ ತಿರುವು ಬರುವಷ್ಟರಲ್ಲಿ ಅದು ಪೂರ್ತಿ ಆರಿರುವುದಿಲ್ಲ. ಅದರ ಮೇಲೆ ಮತ್ತೊಂದು 90. ಈ ಬಿಸಿಯನ್ನು ಹೀರಿಕೊಳ್ಳೋಕೆ ಬೇಕಿರುವುದು ಕಬ್ಬಿಣ. ತೂತು ಕೊರೆದರೆ ಕಡಿಮೆಯಾಗುವುದೂ ಅದೇ. ಕಾದು ಆರಿ, ಕಾದು ಆರಿ ಬಿರುಕು ಹುಟ್ಟುವುದೂ ತೂತಿನ ಅಂಚಿನಲ್ಲೇ.

ಹಾಗಾದರೆ ತಣ್ಣಗಾಗುವುದು ಹೇಗೆ? ಡಿಸ್ಕಿನ ಎರಡು ಮುಖಗಳ ನಡುವೆ ರೆಕ್ಕೆಗಳಿರುತ್ತವಲ್ಲ, ಕೆಲಸ ಅವುಗಳದ್ದು. ಡಿಸ್ಕ್ ತಿರುಗುವಾಗ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ತಳ್ಳುತ್ತವೆ. ಹಿಂದಿನ ಕಾಲದಲ್ಲಿ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದಾಗ ಗ್ಯಾಸ್ ಬಿಡುತ್ತಿತ್ತು, ಅದು ಹೊರಹೋಗಲಿ ಅಂತ ತೂತು ಬಂದವು. ಈಗಿನ ಪ್ಯಾಡ್‌ಗಳಲ್ಲಿ ಆ ಕಾಟ ಹೆಚ್ಚೇನಿಲ್ಲ. ಫ್ಯಾಕ್ಟರಿಯಿಂದಲೇ ತೂತಿನ ಡಿಸ್ಕ್ ಬರುವ ಸ್ಪೋರ್ಟ್ಸ್ ಕಾರುಗಳಿವೆ, ನಿಜ. ಅವನ್ನು ಟ್ರ್ಯಾಕ್‌ಗೆ ಇಳಿಸುವವರಲ್ಲೂ ಡಿಸ್ಕ್ ಬದಲಿಸಿಕೊಳ್ಳುವವರು ಬೇಕಾದಷ್ಟು ಜನ. ರಸ್ತೆಯಲ್ಲಷ್ಟೇ ಓಡಿಸುವುದಾದರೆ ತೂತಿನದ್ದು ಹಾಕಿಕೊಳ್ಳಿ, ನೋಡೋಕೆ ಚೆನ್ನಾಗಿದೆ.

ಟ್ರ್ಯಾಕ್‌ಗೆ ತೂತಿಲ್ಲದ ಸಾದಾ ಡಿಸ್ಕ್ ಸಾಕು. ನಾನೀಗ ಗೀರು ಕೊರೆದ ಸ್ಲಾಟೆಡ್ ಡಿಸ್ಕ್ ಹಾಕಿಸಿದ್ದೇನೆ. ಗೀರು ಆರಪಾರ ಹೋಗದ ಕಾರಣ ಬಿರುಕಿನ ಭಯ ಕಡಿಮೆ, ಪ್ಯಾಡಿನ ಮೇಲ್ಮೈಯನ್ನೂ ಕೆರೆದು ಚೊಕ್ಕಟವಾಗಿಡುತ್ತದೆ. ಪ್ಯಾಡ್ ಮಾತ್ರ ಸ್ವಲ್ಪ ಬೇಗ ಸವೆಯುತ್ತದೆ, ಸದ್ದೂ ಇದೆ. ದುಡ್ಡು ಇರುವವರು ಅಲ್ಯೂಮಿನಿಯಂ ನಡುಭಾಗಕ್ಕೆ ಕಬ್ಬಿಣದ ರಿಂಗ್ ಕೂರಿಸಿದ ಎರಡು ತುಂಡಿನ ಫ್ಲೋಟಿಂಗ್ ಡಿಸ್ಕ್ ತಗೋಬಹುದು. ಕಾದ ರಿಂಗ್‌ಗೆ ಹಿಗ್ಗೋಕೆ ಜಾಗ ಇರುತ್ತದೆ, ಸವೆದರೆ ರಿಂಗ್ ಒಂದನ್ನೇ ಬದಲಿಸಿದರಾಯಿತು.

ಒಳಗಿನ ರೆಕ್ಕೆಗಳು ಬಾಗಿದ ಆಕಾರದವಾದರೆ ಎಡ ಬಲದ ಡಿಸ್ಕ್ ಅದಲುಬದಲಾಗದಂತೆ ನೋಡಿಕೊಳ್ಳಿ. ತಿರುಗುವ ದಿಕ್ಕಿಗೆ ರೆಕ್ಕೆಗಳ ಹೊರತುದಿ ಹಿಂದಕ್ಕೆ ವಾಲಿರಬೇಕು. ರೆಕ್ಕೆ ನೋಡದೆ ಹೊರಗಿನ ಗೀರು ನೋಡಿ ಜೋಡಿಸುವ ಮೆಕ್ಯಾನಿಕ್‌ಗಳಿದ್ದಾರೆ, ಹುಷಾರು.

ಈಗಾಗಲೇ ತೂತಿನದ್ದು ಹಾಕಿಸಿದ್ದೀರಾ? ಪ್ರತಿ ಸೆಷನ್‌ಗೂ ಮುಂಚೆ ಟಾರ್ಚ್ ಬಿಟ್ಟು ತೂತಿನ ಸುತ್ತ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳು ಎಲ್ಲ ಡಿಸ್ಕಿಗೂ ಬರುತ್ತವೆ, ಗಾಬರಿ ಬೇಡ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ, ಎರಡು ತೂತು ಸೇರಿಸಿದ್ದರೆ ಅಥವಾ ಅಂಚು ಮುಟ್ಟಿದ್ದರೆ ಆ ಡಿಸ್ಕ್ ಮುಗಿಯಿತು. ಅದರಲ್ಲಿ ಮನೆಗೆ ಕೂಡ ಓಡಿಸಬೇಡಿ, ಟೋ ಮಾಡಿಸಿ.