ಸ್ಟೋರಿವೀವರ್‌ನ ಒಂದನೇ ಹಂತದ ಕನ್ನಡ ಪುಸ್ತಕಗಳು: ಪದ ಎಣಿಸಬೇಡಿ, ಒತ್ತು ಎಣಿಸಿ

ನಾಲ್ಕು ಶಾಲಾವರ್ಷ ಮಕ್ಕಳ ಓದುಮೂಲೆಯಲ್ಲಿ ಬಳಸಿದ ಮೇಲಿನ ವಿಮರ್ಶೆ ಇದು. ಓದುವವರು ಐದರಿಂದ ಎಂಟು ವರ್ಷದವರು, ಹೆಚ್ಚಿನವರು ಕನ್ನಡ ಮಾಧ್ಯಮದವರು.

ಗೊತ್ತಿಲ್ಲದವರಿಗೆ: ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ ಲಾಭರಹಿತ ಪ್ರಕಾಶನ. ಅದು 2015ರಲ್ಲಿ ತೆರೆದ ಜಾಲತಾಣ ಸ್ಟೋರಿವೀವರ್. ಪುಸ್ತಕಗಳು ಬಿಟ್ಟಿ. ಪಿಡಿಎಫ್ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಮಾತ್ರ ಉಳಿಸಬೇಕು. ಪುಸ್ತಕಗಳಿಗೆ ನಾಲ್ಕು ಹಂತ. ಒಂದನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಅದರಾಚೆಯದು ನಾಲ್ಕನೆಯದು. ಚಿತ್ರಗಳ ಬಗ್ಗೆ ತಕರಾರಿಲ್ಲ. ಈ ಬೆಲೆಗೆ, ಅಂದರೆ ಬೆಲೆಯೇ ಇಲ್ಲದೆ, ಇಂಥ ಚಿತ್ರ ಬೇರೆಲ್ಲೂ ಸಿಗುವುದು ಕಷ್ಟ.

ತಕರಾರು ಹಂತದ ಬಗ್ಗೆ. ಕನ್ನಡದಲ್ಲಿ ಓದು ಕಷ್ಟವಾಗುವುದು ಪದಗಳ ಸಂಖ್ಯೆಯಿಂದಲ್ಲ, ಗುಣಿತ ಮತ್ತು ಒತ್ತಕ್ಷರದಿಂದ. ‘ಅಗಸ ಸರಸರ ಬಂದ’ ಮೂರು ಪದ; ಒಂದು ಸೊನ್ನೆ ಬಿಟ್ಟರೆ ಎಲ್ಲವೂ ತಲಕಟ್ಟಿನ ಅಕ್ಷರಗಳೇ. ‘ಕಪ್ಪೆಯೊಂದು ಹುಲ್ಲಿನಲ್ಲಿ ಜಿಗಿಯುತ್ತಿದೆ’ ಅನ್ನುವುದೂ ಮೂರೇ ಪದ, ಆದರೆ ನಾಲ್ಕು ಒತ್ತು, ಜೊತೆಗೆ ಏತ್ವ, ಓತ್ವ, ಕೊಂಬು, ಗುಡಿಸು. ಪದ ಎಣಿಸುವ ಅಳತೆಗೆ ಇವೆರಡೂ ಒಂದೇ. ಅನುವಾದವಾಗಿ ಬಂದ ಪುಸ್ತಕಗಳಲ್ಲಿ ಇದು ಹೆಚ್ಚು. ಮೂಲದಲ್ಲಿ ಸಣ್ಣ ಸಣ್ಣ ಪದಗಳಿದ್ದ ಸಾಲು ಕನ್ನಡಕ್ಕೆ ಬಂದಾಗ ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದ ಬಾಲವಾಗುತ್ತದೆ.

ಇನ್ನೊಂದು ಮಾತು. ನಲಿ–ಕಲಿ (ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ) ತರಗತಿಯ ಮಗು ಅ ಆ ಇ ಈ ಕ್ರಮದಲ್ಲಿ ಕಲಿಯುವುದಿಲ್ಲ. ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಈ ಹತ್ತೇ ಅಕ್ಷರದಲ್ಲಿ ಅರಸ, ಗರಗಸ, ಬಸವ, ವನಜ ಎಲ್ಲ ಆಗುತ್ತವೆ. ಇಲ್ಲಿನ ಕಥೆಗಳು ಆ ಕ್ರಮಕ್ಕೆ ಹೊಂದಿಸಿ ಬರೆದವಲ್ಲ. ಹಾಗಾಗಿ ಗುಣಿತ ಮುಗಿಯುವವರೆಗೆ ಒಂದನೇ ಹಂತದ ಪುಸ್ತಕವನ್ನೂ ನೀವೇ ಓದಿ ಹೇಳಬೇಕು, ಇಲ್ಲವೇ ಪದಗಳಿಲ್ಲದ ಚಿತ್ರಪುಸ್ತಕ ಕೊಟ್ಟು ಮಗುವಿನ ಬಾಯಲ್ಲೇ ಕಥೆ ಹೇಳಿಸಬೇಕು. ಸ್ವಂತ ಓದಿಗೆ ಆ ತಿಂಗಳುಗಳಲ್ಲಿ ಕೈಬರಹದ ಎಂಟು ಪುಟದ ಪುಸ್ತಿಕೆಯೇ ಗತಿ. ಅದಕ್ಕೆ ಅನುಕರಣ ಪದಗಳಷ್ಟು ಒಳ್ಳೆಯ ಸಾಮಗ್ರಿ ಇಲ್ಲ: ಪಟಪಟ, ದಡದಡ, ಗರಗರ, ಬಡಬಡ. ಗುಣಿತ ಬೇಡ, ಒತ್ತು ಬೇಡ, ಓದಿದ ಕೂಡಲೇ ಸದ್ದು ಕೇಳುತ್ತದೆ.

ಒತ್ತಿನ ವಿಷಯಕ್ಕೆ ಬರೋಣ. ಹೆಚ್ಚಿನ ಮಕ್ಕಳು ನಿಲ್ಲುವುದು ಇಲ್ಲೇ. ಒಂದನೇ ಹಂತದ ಯಾವುದಾದರೂ ನಾಲ್ಕೈದು ಪುಸ್ತಕ ತೆಗೆದು ಪೆನ್ಸಿಲ್ ಹಿಡಿದು ಎಣಿಸಿ. ಮತ್ತೆ ಮತ್ತೆ ಸಿಗುವುದು ತ್ತ, ಲ್ಲ, ನ್ನ. ಕಾರಣ ಸರಳ: ಓಡುತ್ತದೆ, ಮರದಲ್ಲಿ, ಹಣ್ಣನ್ನು. ಕ್ರಿಯಾಪದದ ತುದಿಯಲ್ಲೂ ವಿಭಕ್ತಿಯಲ್ಲೂ ಇವೇ ಕೂತಿವೆ. ಕ, ಪ, ಟ ಮುಂತಾದವುಗಳ ಒತ್ತು ತಲಕಟ್ಟು ತೆಗೆದ ಮೂಲ ಅಕ್ಷರದ ಹಾಗೇ ಕಾಣುತ್ತದೆ, ಮಗು ಊಹಿಸಿಕೊಳ್ಳುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆಯೇ ರೂಪದ್ದು. ಅತಿ ಹೆಚ್ಚು ಬರುವ ಮೂರೂ ಈ ಆರರೊಳಗೇ ಇವೆ. ಆದ್ದರಿಂದ ಕ್ಕ, ಖ್ಖ ಎಂದು ವರ್ಣಮಾಲೆಯ ಕ್ರಮದಲ್ಲಿ ಒತ್ತು ಕಲಿಸುತ್ತಾ ಕೂರಬೇಡಿ. ಅಕ್ಕ, ಅಪ್ಪ, ಬೆಕ್ಕು ಓದಿಸಿ ಒತ್ತು ಅಂದರೇನು ಎಂದು ತಿಳಿಸಿದ ಮರುವಾರವೇ ‘ತ್ತದೆ’, ‘ಲ್ಲಿ’, ‘ನ್ನು’ ಮೂರು ಚೀಟಿ ಮಾಡಿ ಗೋಡೆಗೆ ಅಂಟಿಸಿ. ಮಗು ಬಿಡಿಬಿಡಿಯಾಗಿ ಕೂಡಿಸದೆ ಇಡಿಯಾಗಿ ಗುರುತಿಸುವಂತಾದರೆ ಅರ್ಧ ಪುಸ್ತಕ ಸಲೀಸು.

ಪುಸ್ತಕ ಕೈಗೆ ಕೊಡುವ ಮೊದಲು ನಾವು ಮಾಡುವ ವಿಂಗಡಣೆ ಹೀಗೆ. ಒತ್ತೇ ಇಲ್ಲದ್ದು ಅಥವಾ ಇಡೀ ಪುಸ್ತಕದಲ್ಲಿ ಎರಡು ಮೂರು ಮಾತ್ರ ಇರುವುದು ಹಸಿರು ಚುಕ್ಕೆ. ಸಜಾತೀಯ ಒತ್ತು (ಕ್ಕ, ಪ್ಪದಂತೆ ಅದೇ ಅಕ್ಷರಕ್ಕೆ ಅದೇ ಒತ್ತು) ಮಾತ್ರ ಇದ್ದರೆ ಹಳದಿ. ಪುಸ್ತಕ, ಚಂದ್ರ, ನಕ್ಷತ್ರದಂಥ ವಿಜಾತೀಯ ಒತ್ತು ಅಥವಾ ಅರ್ಕಾವತ್ತು ಬಂದರೆ ಕೆಂಪು. ಒಂದು ಪುಸ್ತಕಕ್ಕೆ ಹತ್ತು ನಿಮಿಷ ಸಾಕು. ಹಸಿರು ಚುಕ್ಕೆಯವು ನಿರೀಕ್ಷೆಗಿಂತ ಬಹಳ ಕಡಿಮೆ ಸಿಗುತ್ತವೆ, ಮೊದಲೇ ಹೇಳಿಬಿಡುತ್ತೇವೆ. ಎರಡನೇ ಹಂತದ ಎಷ್ಟೋ ಪುಸ್ತಕ ಒಂದನೆಯದಕ್ಕಿಂತ ಸುಲಭ ಎಂಬುದೂ ಆಗ ಗೊತ್ತಾಗುತ್ತದೆ. ಒಂದೇ ಪುಟದಲ್ಲಿ ಮಗು ಐದು ಕಡೆ ತಡವರಿಸಿದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳುವುದು.

ಅರ್ಕಾವತ್ತಿಗೆ ಪ್ರತ್ಯೇಕ ಎಚ್ಚರ ಬೇಕು. ‘ಸೂರ್ಯ’ದಲ್ಲಿ ರ್ ಬರೆಯುವುದು ಯ ಆದಮೇಲೆ, ಉಚ್ಚರಿಸುವುದು ಅದಕ್ಕೂ ಮೊದಲು. ಮಗು ‘ಸೂಯರ್’ ಅಂದರೆ ಅದು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ, ಗದರಬೇಡಿ. ಬೆರಳನ್ನು ಮೊದಲು ಆ ಗುರುತಿನ ಮೇಲಿಟ್ಟು ಆಮೇಲೆ ಯ ತೋರಿಸಿ. ‘ಹೂವು’ ‘ಹೂಮ’ ಆಗುವುದಕ್ಕೆ ಕಾರಣ ವುಗೂ ಮಗೂ ನಡುವಿನ ಕೂದಲೆಳೆಯ ಅಂತರ. ಅಕ್ಷರ ಸಣ್ಣದಾದಷ್ಟೂ ಈ ತಪ್ಪು ಜಾಸ್ತಿ.

ಆದ್ದರಿಂದ ಮುದ್ರಣ. ಪಿಡಿಎಫ್‌ಗಳಲ್ಲಿ ಹಲವು ಅಡ್ಡ ಆಕಾರದವು. ಅವನ್ನು ಎ4 ಹಾಳೆಯ ಅರ್ಧಕ್ಕೆ ಕುಗ್ಗಿಸಿದರೆ ಒತ್ತು ಮಸಿಚುಕ್ಕೆಯಾಗುತ್ತದೆ. ಮುಖ್ಯ ಅಕ್ಷರವೇ ಸಣ್ಣದಾದಾಗ ಅದರ ಕೆಳಗಿನ ಒತ್ತು ಇನ್ನೆಷ್ಟು ಕಂಡೀತು? ಅಕ್ಷರ 24 ಪಾಯಿಂಟ್‌ಗಿಂತ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ಬೇಕಾದರೆ ಒಂದು ಪುಟಕ್ಕೆ ಒಂದು ಹಾಳೆ ಹಾಕಿ ಎಡಬದಿಗೆ ಪಿನ್ ಹೊಡೆಯಿರಿ. ಉದ್ದ ಆಕಾರದ ಪುಸ್ತಕಕ್ಕಾದರೆ ಮುದ್ರಿಸುವಾಗ ‘ಬುಕ್‌ಲೆಟ್’ ಆಯ್ಕೆ ಚೆನ್ನ: ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕು, ಹಾಳೆ ಗಿಡ್ಡ ಅಂಚಿನಲ್ಲಿ ಮಗುಚಬೇಕು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. 16 ಪುಟಕ್ಕೆ ನಾಲ್ಕು ಹಾಳೆ. ಸಾಮಾನ್ಯ ಸ್ಟೇಪ್ಲರ್ ಮಡಿಕೆಯವರೆಗೆ ತಲುಪುವುದಿಲ್ಲ. ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದರೆ ವರ್ಷಗಟ್ಟಲೆ ಬಾಳುತ್ತದೆ. ಕಾಗದ 100 ಜಿಎಸ್‌ಎಂ ಇರಲಿ, 70ರದ್ದಾದರೆ ಹಿಂದಿನ ಪುಟದ ಚಿತ್ರ ಮುಂದಕ್ಕೆ ಇಣುಕುತ್ತದೆ. ಚಿತ್ರದ ಮೇಲೆಯೇ ಅಕ್ಷರ ಕೂರಿಸಿದ ಪುಸ್ತಕವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿ ದುಡ್ಡು ಹಾಳು ಮಾಡಿಕೊಳ್ಳಬೇಡಿ.

ಓದಿ ಹೇಳುವ ಧ್ವನಿ ಇರುವ ಪುಸ್ತಕಗಳೂ ಇವೆ, ಎಲ್ಲಕ್ಕೂ ಇಲ್ಲ. ಕೇಳುವುದಕ್ಕೆ ಚೆನ್ನ, ಓದು ಕಲಿಯುವುದಕ್ಕೆ ಅಷ್ಟಕ್ಕಷ್ಟೇ: ಕಿವಿಗೆ ಬಿದ್ದ ಮೇಲೆ ಕಣ್ಣು ಅಕ್ಷರದ ಕಡೆ ಹೋಗುವುದಿಲ್ಲ. ಹೊರನಾಡಿನ ವಾರಾಂತ್ಯದ ಕನ್ನಡ ತರಗತಿಗಳಿಗೆ ಮಾತ್ರ ಧ್ವನಿ ನಿಜಕ್ಕೂ ಬೇಕು. ಅಲ್ಲಿನ ಮಗುವಿಗೆ ಅಕ್ಷರ ಕೂಡಿಸಲು ಬರುತ್ತದೆ, ಕೂಡಿಸಿದ ಪದ ಮಾತ್ರ ಮನೆಯಲ್ಲಿ ಕೇಳಿದ್ದಾಗಿರುವುದಿಲ್ಲ.

ಕಥೆ, ಚಿತ್ರಕ್ಕೆ ಐದರಲ್ಲಿ ಐದು. ಹಂತದ ಗುರುತಿಗೆ ಎರಡು. ಚುಕ್ಕೆ ಅಂಟಿಸುವ ಪುರುಸೊತ್ತು ಇರುವವರಿಗೆ ಒಟ್ಟಾರೆ ನಾಲ್ಕು. ಇಳಿಸಿ ನೇರ ಮಗುವಿನ ಕೈಗೆ ಕೊಡುವವರಿಗೆ ಮೂರು.