ಲ್ಯಾಪ್‌ಟಾಪ್ ಎಚ್ಚರವಾಗದಿದ್ದರೆ ‘ಬೋರ್ಡ್ ಹೋಗಿದೆ’ ಎಂದು ನಂಬಬೇಡಿ, ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ

ಎರಡು ತಿಂಗಳ ಲೆಕ್ಕ ಕಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರಿಗೂ ಹೀಗಾಗಬಾರದು.

ವಿಜಯಪುರದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಒಣದ್ರಾಕ್ಷಿ ಇಟ್ಟರು, ಎಷ್ಟಕ್ಕೆ ಮಾರಿದರು, ಮುಂಗಡ ಎಷ್ಟು ತೆಗೆದುಕೊಂಡರು, ಎಲ್ಲ ನನ್ನ ಲ್ಯಾಪ್‌ಟಾಪಿನ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲೇ ಇರುತ್ತದೆ. ಏಪ್ರಿಲ್ ಮೊದಲ ವಾರ ಬಾಗಲಕೋಟೆಗೆ ಹೊರಟಿದ್ದೆ, ನವನಗರದಲ್ಲಿ ಅಕ್ಕನ ಮನೆಯಿದೆ. ಬಸ್ಸಿನ ಹೊತ್ತಾಯಿತು ಎಂದು ಟ್ಯಾಲಿ ತೆರೆದಿದ್ದ ಹಾಗೆಯೇ, ಚಾರ್ಜರ್ ಹಾಕಿದ್ದ ಹಾಗೆಯೇ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಪಿನ್ ಕಿತ್ತು ಬ್ಯಾಗಿಗೆ ಹಾಕಿಕೊಂಡು ಓಡಿದೆ. ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ. ಹಳೆಯ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ, ಇದು ಹೊಸದು.

ಕೊಲ್ಹಾರದ ಸೇತುವೆ ದಾಟುವಾಗ ತೊಡೆ ಮೇಲಿನ ಬ್ಯಾಗು ಬಿಸಿ ಅನಿಸಿತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಅಕ್ಕನ ಮನೆಯಲ್ಲಿ ತೆಗೆದು ನೋಡಿದರೆ ರೊಟ್ಟಿ ಹಂಚಿನ ಹಾಗೆ ಕಾದಿದೆ. ಪವರ್ ದೀಪ ಉರಿಯುತ್ತಿದೆ, ಫ್ಯಾನ್ ಜೋರಾಗಿ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಗುಂಡಿ ಎರಡು ಮೂರು ಸಲ ಮೆಲ್ಲಗೆ ಒತ್ತಿದೆ, ಚಾರ್ಜರ್ ಹಾಕಿದೆ, ಏನೂ ಆಗಲಿಲ್ಲ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಟ್ಯಾಲಿಯ ಡೇಟಾ ಕೆಟ್ಟುಹೋಗುತ್ತದೆ ಎಂಬ ಭಯಕ್ಕೆ ಅದನ್ನು ಮಾತ್ರ ಮಾಡಲಿಲ್ಲ. ಆ ರಾತ್ರಿ ಅದೊಂದು ಮಾಡಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೂ ಉಳಿಸದ ಕೆಲಸ ಹೋಗುತ್ತಿತ್ತು ಅಷ್ಟೇ, ಎರಡು ತಿಂಗಳದ್ದು ಹೋಗುತ್ತಿರಲಿಲ್ಲ.

ಮರುದಿನ ವಿಜಯಪುರಕ್ಕೆ ಬಂದು ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ. ಹುಡುಗ ಐದು ನಿಮಿಷ ನೋಡಿ, “ಬೋರ್ಡ್ ಹೋಗೈತ್ರಿ ಸರ, ಹನ್ನೊಂದು ಸಾವಿರ ಆಗ್ತೈತಿ” ಎಂದ. ಬೋರ್ಡ್ ಎಂದರೆ ಮದರ್‌ಬೋರ್ಡ್, ಒಳಗಿನ ಮುಖ್ಯ ಸರ್ಕ್ಯೂಟ್. ಡೇಟಾ ಮುಖ್ಯ, ಅದಕ್ಕೆ ಏನೂ ಆಗಬಾರದು ಎಂದು ಎರಡು ಸಲ ಹೇಳಿ ಬಂದೆ. ಬಾಯಿಮಾತಿನಲ್ಲಿ. ಸಂಜೆ ಫೋನ್ ಬಂತು: “ಚಾಲೂ ಆತ್ರಿ ಸರ, ಬೋರ್ಡ್ ಬ್ಯಾಡ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದು ಹಾಕೇನಿ.” 1,500 ರೂಪಾಯಿ ತೆಗೆದುಕೊಂಡ, ಬಿಲ್ ಕೊಡಲಿಲ್ಲ. ಮನೆಗೆ ಬಂದು ತೆರೆದರೆ ಡೆಸ್ಕ್‌ಟಾಪ್ ಖಾಲಿ. ಡಿ ಡ್ರೈವ್ ಕೂಡ ಖಾಲಿ. ಪೆನ್‌ಡ್ರೈವಿನಲ್ಲಿ ಇದ್ದದ್ದು ಜನವರಿ ಕೊನೆಯ ಕಾಪಿ. ಫೆಬ್ರವರಿ, ಮಾರ್ಚ್ ಎಂದರೆ ದ್ರಾಕ್ಷಿ ಸುಗ್ಗಿ, ಇಡೀ ವರ್ಷದ ಮುಖ್ಯ ಲೆಕ್ಕವೇ ಅದು.

ಡೇಟಾ ವಾಪಸ್ ತೆಗೆಸಲು ನೋಡಿದೆ. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಸ್ವಲ್ಪವಾದರೂ ಆಸೆ ಇರುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ, ಎಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್‌ಗಳಲ್ಲಿ, ಟ್ರಿಮ್ ಎಂಬ ವ್ಯವಸ್ಥೆ ಇದೆ, ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಸ್ವಚ್ಛ ಮಾಡಿಬಿಡುತ್ತದೆ. ಏನೂ ಸಿಗಲಿಲ್ಲ.

ನಾಲ್ಕನೇ ದಿನ ಮತ್ತೆ ಅದೇ ಕಪ್ಪು ಪರದೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು ಒಂದೇ: “ಮಾಮಾ, ಕ್ಯಾಪ್ಸ್ ಲಾಕ್ ಒತ್ತಿ ನೋಡ್ರಿ, ಅದರ ದೀಪ ಹತ್ತಿ ಆರತೈತೇನು?” ಒತ್ತಿದೆ. ಹತ್ತಿತು. ಮತ್ತೆ ಒತ್ತಿದೆ, ಆರಿತು. ಅಂದರೆ ಒಳಗೆ ವಿಂಡೋಸ್ ಜೀವಂತವಾಗಿದೆ, ಬೋರ್ಡ್ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ಪರದೆಗೆ ಬರುತ್ತಿಲ್ಲ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕೂ ಕೀ ಒಟ್ಟಿಗೆ ಒತ್ತಲು ಹೇಳಿದ. ಅದು ಡಿಸ್‌ಪ್ಲೇ ಡ್ರೈವರನ್ನು, ಎಂದರೆ ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರನ್ನು, ಮತ್ತೆ ಶುರು ಮಾಡುತ್ತದೆ. ‘ಬೀಪ್’ ಎಂದು ಸದ್ದಾಯಿತು, ಪರದೆ ಮಿಣುಕಿತು, ನಾನು ಬಿಟ್ಟಿದ್ದ ಟ್ಯಾಲಿ ಹಾಗೇ ಬಂತು. ಒಂದು ಪೈಸೆ ಖರ್ಚಿಲ್ಲ. ಸುಮಾರು ಹೊತ್ತು ಮಾತೇ ಹೊರಡಲಿಲ್ಲ ನನಗೆ.

ಇದಕ್ಕೂ ಬರದಿದ್ದರೆ ಎಚ್‌ಡಿಎಂಐ ವೈರಿನಿಂದ ಟಿವಿಗೆ ಹಚ್ಚಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಮೊದಲು ಡೇಟಾ ಕಾಪಿ ಮಾಡಿಕೊಳ್ಳಿ. ಎಲ್ಲದಕ್ಕೂ ಕೊನೆಗೆ ಪವರ್ ಗುಂಡಿಯನ್ನು 10–15 ಸೆಕೆಂಡ್ ಒತ್ತಿ ಹಿಡಿದು, ಬಿಟ್ಟು, ಮತ್ತೆ ಶುರು ಮಾಡಿ. ಡಿಸ್ಕಿನಲ್ಲಿ ಉಳಿಸಿದ ಫೈಲುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ಬ್ಯಾಗಿನಲ್ಲಿ ಕಾದಿದ್ದು ಯಾಕೆ ಎಂದರೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿದಾಗ ಆಗುವ ಸ್ಲೀಪ್ ಪೂರ್ತಿ ನಿದ್ದೆ ಅಲ್ಲ. ಹಿಂದೆ ಎಸ್3 ಎಂಬ ನಿದ್ದೆ ಇತ್ತು, ತೆರೆದ ಕೆಲಸವನ್ನು ಹಿಡಿದಿಟ್ಟುಕೊಳ್ಳುವ ರ‍್ಯಾಮಿಗೆ ಮಾತ್ರ ಸ್ವಲ್ಪ ಕರೆಂಟು, ಉಳಿದದ್ದೆಲ್ಲ ಬಂದ್. ಈಗ ಬರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಫೋನಿನ ಹಾಗೆ ಅರೆನಿದ್ದೆ. ಮುಚ್ಚಿದ್ದರೂ ಒಳಗೆ ವೈಫೈ, ಅಪ್‌ಡೇಟ್ ಎಂದು ಎದ್ದು ಕೆಲಸ ಮಾಡಬಹುದು. ಗಾಳಿಯಾಡದ ಬ್ಯಾಗು, ಮೇಲೆ ನಮ್ಮ ಊರಿನ ಬಿಸಿಲು, ಕಾಯದೆ ಏನಾಗುತ್ತದೆ? ನಿಮ್ಮದರಲ್ಲಿ ಯಾವ ನಿದ್ದೆ ಇದೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಇಂಗ್ಲಿಷಿನಲ್ಲಿ ಕೂಡಿಸಿ ಬರೆದು, ಒಂದು ಜಾಗ ಬಿಟ್ಟು, ಓರೆ ಗೀಟು ಹಾಕಿ ಎ ಎಂದು ಬರೆಯಿರಿ (powercfg /a). ಇರುವ ನಿದ್ದೆಗಳ ಪಟ್ಟಿಯಲ್ಲಿ ಎಸ್0 (ಮಾಡರ್ನ್ ಸ್ಟ್ಯಾಂಡ್‌ಬೈ) ಎಂದು ತೋರಿಸಿದರೆ ನನ್ನದೇ ಕಥೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎ ಬದಲು ಸ್ಲೀಪ್‌ಸ್ಟಡಿ (sleepstudy) ಎಂದು ಹಾಕಿದರೆ ಹಿಂದಿನ ಮೂರು ದಿನ ನಿದ್ದೆಯಲ್ಲಿ ಯಾವಾಗ ಎಷ್ಟು ಬ್ಯಾಟರಿ ತಿಂದಿದೆ ಎಂಬ ವರದಿ ಬರುತ್ತದೆ.

ಪ್ರಯಾಣಕ್ಕೆ ಸರಿಯಾದದ್ದು ಹೈಬರ್ನೇಟ್. ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಆರಿಹೋಗುತ್ತದೆ, ಕಾಯುವ ಮಾತೇ ಇಲ್ಲ. ವಿಂಡೋಸಿನಲ್ಲಿ ಇದು ಮೆನುವಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಟಿಕ್ ಹಾಕಬೇಕು. ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬಲ್ಲಿಯೂ ಹೈಬರ್ನೇಟ್ ಆರಿಸಬೇಕು, ಬ್ಯಾಟರಿಗೂ ಚಾರ್ಜರಿಗೂ ಎರಡಕ್ಕೂ. ನನ್ನದರಲ್ಲಿ ಆ ಟಿಕ್ ಜಾಗವೇ ಇರಲಿಲ್ಲ. ಸಿ ಡ್ರೈವಿನಲ್ಲಿ ಜಾಗ ಉಳಿಸಲು ಅಂಗಡಿಯ ಹುಡುಗ ಹೈಬರ್ನೇಟನ್ನೇ ಬಂದ್ ಮಾಡಿದ್ದ. ಹೈಬರ್ನೇಟ್ ಕೆಲಸವನ್ನು ಬರೆದಿಡುವ ಫೈಲು ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು ಇರುತ್ತದೆ, 8 ಜಿಬಿಗೆ ಸುಮಾರು 3 ಜಿಬಿ. ಅಷ್ಟು ಜಾಗಕ್ಕೆ ಇದನ್ನು ತೆಗೆಯಲು ಯಾರಿಗೂ ಬಿಡಬೇಡಿ. ಅಡ್ಮಿನಿಸ್ಟ್ರೇಟರ್ ಆಗಿ ಅದೇ ಕಮಾಂಡಿನಲ್ಲಿ ಓರೆ ಗೀಟಿನ ನಂತರ ಎಚ್, ಜಾಗ, ಆನ್ ಎಂದು (powercfg /h on) ಕೊಟ್ಟ ಮೇಲೆ ವಾಪಸ್ ಬಂತು. ಡಿಸ್‌ಪ್ಲೇ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಮಾಡೆಲ್ ನಂಬರ್ ನೋಡಿ ಹಾಕಿಕೊಂಡೆವು. ಆಮೇಲೆ ಕಪ್ಪು ಪರದೆ ಬಂದಿಲ್ಲ. ಬಯೋಸ್ (ವಿಂಡೋಸಿಗೂ ಮೊದಲು ಶುರುವಾಗುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವವರು ಬಿಟ್‌ಲಾಕರ್‌ನ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಯ ಕೀ ಬರೆದಿಟ್ಟುಕೊಂಡೇ ಮಾಡಿ, ಶುರುವಾಗುವಾಗ ಕೇಳಿದರೆ ಅದಿಲ್ಲದೆ ಒಳಗೆ ಹೋಗಲು ಆಗುವುದಿಲ್ಲ.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ, ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ದೂರು ಕೊಡುತ್ತೇನೆ ಎಂದರೆ ನನ್ನ ಕೈಯಲ್ಲಿ ಒಂದು ಕಾಗದವೂ ಇಲ್ಲ.

ಈಗ ಕೋಲ್ಡ್ ಸ್ಟೋರೇಜಿನ ಚೀಟಿಗಳನ್ನು ಇಟ್ಟುಕೊಂಡು ರಾತ್ರಿ ಹನ್ನೆರಡರ ತನಕ ಮತ್ತೆ ಟ್ಯಾಲಿಗೆ ಏರಿಸುತ್ತಿದ್ದೇನೆ, ಫೆಬ್ರವರಿ ಅರ್ಧ ಮುಗಿದಿದೆ. ಕೆಲವು ಚೀಟಿ ಸಿಗುತ್ತಿಲ್ಲ. ತಿಕೋಟಾದ ಒಬ್ಬ ಹಿರಿಯರು ವಿಷಯ ಕೇಳಿ ತಮ್ಮ ಪುಸ್ತಕವನ್ನೇ ತಂದು ಕೊಟ್ಟರು, ಪ್ರತಿ ಬಾಕ್ಸಿನ ತೂಕ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ನಾಳೆಯಿಂದ ಅವರ ಲೆಕ್ಕ.