ಕುಂಚಾವರಂ ರಸ್ತೆಯಲ್ಲಿ ಆಫ್‌ಲೈನ್ ಕಡತಗಳು: ಮೂರು ವರ್ಷ ಬಳಸಿದ ಮೇಲೆ

ಚಿಂಚೋಳಿ ದಾಟಿ ಬಸ್ಸು ಕುಂಚಾವರಂ ರಸ್ತೆಗೆ ಹೊರಳಿ, ಕಾಡು ದಟ್ಟವಾಗುತ್ತಿದ್ದಂತೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಆ ಭಾಗದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶಾಲೆಯಲ್ಲಿ ಮಾತನಾಡುವಷ್ಟು ಸಿಗ್ನಲ್ ಸಿಕ್ಕರೆ ಹೆಚ್ಚು, ಡೇಟಾದ ಮಾತೇ ಇಲ್ಲ. ಆದ್ದರಿಂದ ಪಠ್ಯಪುಸ್ತಕದ ಪಿಡಿಎಫ್, ಹತ್ತನೆಯ ತರಗತಿಯ ಮಾದರಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ಗೂಗಲ್ ಡ್ರೈವ್ ಆ್ಯಪ್ ಮೂಲಕ ಕ್ಲೌಡ್‌ನಲ್ಲಿ, ಅಂದರೆ ಅಂತರ್ಜಾಲದ ಸಂಗ್ರಹದಲ್ಲಿಟ್ಟು, ಆ ವಾರಕ್ಕೆ ಬೇಕಾದವನ್ನು ನೆಟ್ ಇಲ್ಲದೆಯೂ ತೆರೆಯುವಂತೆ ಆಫ್‌ಲೈನ್‌ಗೆ ಉಳಿಸಿಕೊಂಡು ಹೋಗುವುದು ನನ್ನ ರೂಢಿ.

ಭಾನುವಾರ ರಾತ್ರಿ ಊಟವಾದ ಮೇಲೆ, ಕಲಬುರಗಿಯ ಮನೆಯ ವೈ-ಫೈಯಲ್ಲಿ ಈ ಕೆಲಸಕ್ಕೆ ಕೂರುತ್ತೇನೆ. ಕಡತದ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್ ಆಯ್ಕೆಯನ್ನು ಮುಟ್ಟಿ, ಹೆಸರಿನ ಕೆಳಗೆ ಪುಟ್ಟ ಗುರುತು ಮೂಡುವವರೆಗೆ ಕಾಯುತ್ತೇನೆ. ಇಡೀ ಫೋಲ್ಡರನ್ನು ಒಂದೇ ಬಾರಿಗೆ ಉಳಿಸಲು ಬರುವುದಿಲ್ಲ. ಹದಿನಾಲ್ಕು ಕಡತಗಳಿದ್ದರೆ ಹದಿನಾಲ್ಕನ್ನೂ ಆರಿಸಿಕೊಳ್ಳಬೇಕು. ಮೂರು ವರ್ಷವಾದರೂ ಈ ಬೇಸರ ನನಗೆ ಹೋಗಿಲ್ಲ.

ಅದನ್ನೆಲ್ಲ ಮರೆಸುವುದು ಅಂಕಪಟ್ಟಿ. ತರಗತಿಯಲ್ಲಿ ಹೆಸರು ಕರೆಯುತ್ತಾ ಕಿರುಪರೀಕ್ಷೆಯ ಅಂಕಗಳನ್ನು ನೆಟ್‌ವರ್ಕ್ ಇಲ್ಲದೆಯೇ ತುಂಬುತ್ತೇನೆ. ಸಂಜೆ ಬಸ್ಸು ಚಿಂಚೋಳಿ ಸಮೀಪಿಸಿದಾಗ ಆ್ಯಪ್ ತೆರೆದರೆ ಸಾಕು, ಎಲ್ಲವೂ ತಾನಾಗಿ ಮೇಲೇರಿ, ನಾನು ಇಳಿಯುವಷ್ಟರಲ್ಲಿ ಮುಖ್ಯ ಗುರುಗಳ ಕಂಪ್ಯೂಟರಿಗೂ ತಲುಪಿರುತ್ತದೆ. "ಸರ್, ನೆಟ್ ಇಲ್ದೇ ಹ್ಯಾಂಗ್ ತೆರೀತದ್ರಿ ಇದು?" ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಪುಸ್ತಕದ ಪ್ರತಿಯೊಂದನ್ನು ಮನೆಯಿಂದಲೇ ಚೀಲದಲ್ಲಿ ತಂದ ಹಾಗೆ ಎಂದು ಅಂದು ನಾನು ಕೊಟ್ಟ ಉತ್ತರ ಅರ್ಧ ಮಾತ್ರ ನಿಜವೆಂದು ಕಳೆದ ಡಿಸೆಂಬರ್‌ನಲ್ಲಿ ಅರಿವಾಯಿತು.

ನನ್ನದು 64 ಜಿಬಿಯ ಹಳೆಯ ಫೋನು. ಗುಂಪುಗಳಿಂದ ಬಂದ ವಿಡಿಯೊಗಳಿಂದ ಅದು ತುಂಬಿಹೋಗಿದ್ದಾಗ, ಜಾಗ ಮಾಡಿಕೊಳ್ಳಲೆಂದು ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ಸಂಗ್ರಹಣೆಯನ್ನು ತೆರವುಗೊಳಿಸಿದೆ. ಪಕ್ಕದಲ್ಲಿದ್ದ, ತಾತ್ಕಾಲಿಕ ಡೇಟಾವನ್ನಷ್ಟೇ ಅಳಿಸುವ ಕ್ಯಾಷ್ ತೆರವಿನ ಗುಂಡಿ ಒತ್ತಿದ್ದರೆ ಉಳಿಸಿದ ಕಡತಗಳಿಗೆ ಏನೂ ಆಗುತ್ತಿರಲಿಲ್ಲ. ಮತ್ತೆ ಲಾಗಿನ್ ಆದಾಗ ಎಲ್ಲ ಕಡತಗಳ ಹೆಸರೂ ಎಂದಿನಂತೆ ಸಾಲಾಗಿ ಕಂಡವು. ಕೆಳಗಿನ ಪುಟ್ಟ ಗುರುತು ಮಾತ್ರ ಇರಲಿಲ್ಲ, ಅದನ್ನು ನಾನು ಗಮನಿಸಲಿಲ್ಲ. ಮರುದಿನ ಹತ್ತನೆಯ ತರಗತಿಯ ಮಕ್ಕಳ ಮುಂದೆ ಪ್ರಶ್ನೆಪತ್ರಿಕೆ ತೆರೆಯಹೋದರೆ ಚಕ್ರ ಸುತ್ತುತ್ತಲೇ ಇತ್ತು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದ್ದ ದಿನಗಳವು. ನೆನಪಿದ್ದಷ್ಟು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ಆ ಅವಧಿ ಮುಗಿಸಿದೆ. ಕಡತಗಳು ಕ್ಲೌಡ್‌ನಲ್ಲಿ ಸುರಕ್ಷಿತವಾಗಿದ್ದವು ನಿಜ, ಆದರೆ ಅವು ಬೇಕಾದ ಜಾಗದಲ್ಲಿ ಇರಲಿಲ್ಲ.

ಆಫ್‌ಲೈನ್ ಪ್ರತಿ ಆ್ಯಪ್‌ನ ಒಳಗೇ ಇರುತ್ತದೆ, ಫೋನಿನ ಫೈಲ್ ಮ್ಯಾನೇಜರ್‌ಗೆ ಅದು ಕಾಣುವುದಿಲ್ಲ. ಆ್ಯಪ್ ತೆಗೆದರೆ, ಅದರ ಡೇಟಾ ಅಳಿಸಿದರೆ, ಪ್ರತಿಯೂ ಹೋಗುತ್ತದೆ. ಡೌನ್‌ಲೋಡ್ ಮಾಡಿದ ಕಡತ ಹಾಗಲ್ಲ. ಅದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸ್ವತಂತ್ರವಾಗಿ ಉಳಿಯುತ್ತದೆ, ಆದರೆ ಮೂಲ ಬದಲಾದರೂ ಅದು ಬದಲಾಗುವುದಿಲ್ಲ. ಆದ್ದರಿಂದ ತಿದ್ದುವ ಅಂಕಪಟ್ಟಿಯನ್ನು ಆಫ್‌ಲೈನ್‌ನಲ್ಲಿಯೂ, ಓದಲಷ್ಟೇ ಬೇಕಾದ ಪಿಡಿಎಫ್‌ಗಳನ್ನು ಡೌನ್‌ಲೋಡ್ ಮಾಡಿಯೂ ಇಡುತ್ತಿದ್ದೇನೆ. ಹೀಗೊಂದು ವ್ಯತ್ಯಾಸವಿದೆಯೆಂದು ಆ್ಯಪ್ ಎಲ್ಲಿಯೂ ಸ್ಪಷ್ಟವಾಗಿ ಹೇಳುವುದಿಲ್ಲ, ಅದೇ ನನ್ನ ದೊಡ್ಡ ದೂರು. ಮತ್ತೆ ಲಾಗಿನ್ ಆದ ಕೂಡಲೇ "ಹಿಂದೆ ಉಳಿಸಿದ್ದ ಕಡತಗಳನ್ನು ಮರಳಿ ಉಳಿಸಬೇಕೇ?" ಎಂದು ಒಂದು ಮಾತು ಕೇಳಿದ್ದರೂ ಸಾಕಿತ್ತು.

ಇಷ್ಟಾದರೂ ಬೇರೆ ಸೇವೆಗೆ ಹೋಗಿಲ್ಲ. ಮೇಲ್‌ಗೂ ಸೇರಿ ಉಚಿತವಾಗಿ ಸಿಗುವ 15 ಜಿಬಿಯೊಳಗೆ ಹಳೆಯ ಮೇಲ್‌ಗಳನ್ನು ಅಳಿಸುತ್ತಾ ಸಂಭಾಳಿಸುತ್ತಿದ್ದೇನೆ, ತಿಂಗಳ ಶುಲ್ಕ ಕೊಡುವ ಅಗತ್ಯ ಬಂದಿಲ್ಲ. ಈಗ ಭಾನುವಾರದ ಕೆಲಸಕ್ಕೆ ಇನ್ನೊಂದು ಸೇರಿದೆ: ಎಲ್ಲ ಉಳಿಸಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಪ್ರತಿ ಕಡತವನ್ನೂ ತೆರೆದು, ಕೊನೆಯ ಪುಟದವರೆಗೆ ಸರಿಸಿ ನೋಡಿದ ನಂತರವೇ ಚಾರ್ಜಿಗೆ ಹಾಕುತ್ತೇನೆ.